ಕೋಟೆಯ ಹೊಟ್ಟೆಯಲ್ಲಿ ಉಳಿದ ಬ್ಲೀಚ್: ಅಕ್ವೇರಿಯಂ ಅಲಂಕಾರಗಳ ಪಾಚಿ ತೊಳೆದ ಒಂದು ಪ್ರಕರಣ

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಹಜಾರದಲ್ಲಿರುವ ಸಿಹಿನೀರಿನ ತೊಟ್ಟಿ. ಉದ್ದ ಮೂರಡಿ, ಅಗಲ ಒಂದಡಿ, ಎತ್ತರ 15 ಇಂಚು. ಗಾಜಿನ ಅಳತೆಗೆ ನೂರು ಲೀಟರ್ ದಾಟಿದರೂ ಮೇಲಂಚಿನ ಖಾಲಿ ಜಾಗ, ತಳದ ಜಲ್ಲಿ, ಒಳಗಿನ ಸಾಮಾನು ಕಳೆದರೆ ನಿಜವಾಗಿ ಇರುವ ನೀರು ಸುಮಾರು 85 ಲೀಟರ್. ಎರಡು ಏಂಜೆಲ್, ಎರಡು ಗೌರಾಮಿ, ಎಂಟು ಪ್ಲಾಟಿ, ಒಂದು ಸಕ್ಕರ್ ಮೀನು. ಏರ್ ಪಂಪ್ ಒಂದು, ಸ್ಪಂಜ್ ಇರುವ ಪವರ್ ಫಿಲ್ಟರ್ ಒಂದು. ಅಲಂಕಾರಕ್ಕೆ ಬಣ್ಣ ಹಚ್ಚಿದ ರೆಸಿನ್ ಕೋಟೆ, ಐದು ಪ್ಲಾಸ್ಟಿಕ್ ಗಿಡ, ಒಂದು ಡ್ರಿಫ್ಟ್‌ವುಡ್ (ನೀರಿನಲ್ಲಿ ನೆನೆದು ಸವೆದ ಮರ) ತುಂಡು, ಮಣ್ಣಿನ ಪುಟ್ಟ ಕುಡಿಕೆ, ಹೊಳೆಗಲ್ಲುಗಳು, ಮಲ್ಪೆ ಕಡಲತೀರದಿಂದ ತಂದ ನಾಲ್ಕಾರು ಚಿಪ್ಪು.

ಇದು ಯಾವುದೋ ಒಂದೇ ಮನೆಯ ದಿನಚರಿಯಲ್ಲ. ಇಂಥ ತೊಟ್ಟಿಗಳಲ್ಲಿ ಪದೇ ಪದೇ ಆಗುವುದನ್ನು ಒಂದು ತೊಟ್ಟಿಯ ಅಳತೆಗೆ ಕೂಡಿಸಿ ಬರೆದಿದೆ. ಲೆಕ್ಕಗಳನ್ನು ಓದುಗರು ತಮ್ಮ ತೊಟ್ಟಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಮಾರ್ಚ್ ಹೊತ್ತಿಗೆ ಅಲಂಕಾರಗಳ ಮೇಲೆ ಮೂರು ಬಗೆಯ ಬೆಳೆ ಕಾಣುತ್ತಿತ್ತು. ಕೋಟೆಯ ಗೋಡೆಯ ಮೇಲೆ ಉಗುರಿನಿಂದ ಕೆರೆದರೂ ಏಳದ ಹಸಿರು ಚುಕ್ಕೆಗಳು. ಪ್ಲಾಸ್ಟಿಕ್ ಗಿಡಗಳ ತುದಿಯಲ್ಲಿ ಎಳೆ ಎಳೆಯಾಗಿ ತೂಗುವ ಹಸಿರು ನೂಲುಪಾಚಿ. ಡ್ರಿಫ್ಟ್‌ವುಡ್ಡಿನ ಅಂಚಿನಲ್ಲಿ, ಕೋಟೆಯ ಬುರುಜಿನ ಸುತ್ತ, ಕಪ್ಪು ಕುಚ್ಚಿನಂತಹ ಗಡ್ಡಪಾಚಿ. ಮೂರನೆಯದು ಕಪ್ಪಗೆ ಕಂಡರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕೆಂಪು ಪಾಚಿಗಳ ಗುಂಪಿನದು. ಸತ್ತಾಗ ಗುಲಾಬಿ ಬಣ್ಣಕ್ಕೆ ತಿರುಗುವುದು ಅದರ ಗುರುತು, ಮುಂದೆ ಅದು ಉಪಯೋಗಕ್ಕೆ ಬರುತ್ತದೆ. ಸಕ್ಕರ್ ಮೀನು ಇದನ್ನು ತಿನ್ನುವುದಿಲ್ಲ. ಪಾಚಿ ತಿನ್ನಲೆಂದು ಆ ಮೀನನ್ನು ತರುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ: ಅದು ಒಂದಡಿಗಿಂತ ಉದ್ದ ಬೆಳೆಯುತ್ತದೆ, ತೊಟ್ಟಿಗೆ ಹೆಚ್ಚಾಯಿತೆಂದು ಯಾವ ಕೆರೆಗೂ ಬಿಡಬಾರದು.

ಮೊದಲ ತೊಳೆತ

ಒಂದು ಭಾನುವಾರ ಬೆಳಿಗ್ಗೆ ಎಲ್ಲ ಅಲಂಕಾರಗಳನ್ನೂ ಒಟ್ಟಿಗೆ ಹೊರತೆಗೆಯಲಾಯಿತು. 10 ಲೀಟರ್ ನೀರಿಗೆ ಬಟ್ಟೆ ಬಿಳುಪು ಮಾಡುವ ಬ್ಲೀಚ್ ಒಂದು ಲೀಟರ್ ಸುರಿದು ಎರಡು ಗಂಟೆ ನೆನೆಸಲಾಯಿತು. ಪಾಚಿಯೇನೋ ಪೂರ್ತಿ ಸತ್ತಿತು. ನಂತರ ಒಂದೊಂದನ್ನೂ ನಲ್ಲಿ ಕೆಳಗೆ ಹಿಡಿದು, ಬ್ಲೀಚ್ ವಾಸನೆ ಹೋಗುವವರೆಗೆ ತೊಳೆದರು. ಅದೇ ಹೊತ್ತಿಗೆ ಫಿಲ್ಟರಿನ ಸ್ಪಂಜನ್ನೂ ನಲ್ಲಿ ನೀರಿನಲ್ಲಿ ಹಿಂಡಿ ಹಿಂಡಿ, ನೀರು ತಿಳಿಯಾಗುವ ತನಕ ಶುಚಿ ಮಾಡಿದರು. ನಲ್ಲಿಯಲ್ಲಿ ಬರುತ್ತಿದ್ದುದು ಕ್ಲೋರಿನ್ ಹಾಕಿದ ಕಾವೇರಿ ನೀರು. ಹನ್ನೊಂದು ಗಂಟೆಗೆ ಎಲ್ಲವೂ ತೊಟ್ಟಿಗೆ ಮರಳಿತು.

ಮುಕ್ಕಾಲು ಗಂಟೆಯೊಳಗೆ ಪ್ಲಾಟಿಗಳು ಗಾಜಿಗೆ ಬಡಿದುಕೊಳ್ಳುವಂತೆ ಓಡಾಡತೊಡಗಿದವು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಎಲ್ಲ ಮೀನುಗಳೂ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಏಂಜೆಲ್‌ಗಳ ಮೈಮೇಲೆ ತೆಳ್ಳನೆ ಬಿಳಿ ಲೋಳೆ. ಮೂರು ಗಂಟೆಗೆ ಒಂದು ಏಂಜೆಲ್, ಸಂಜೆಯೊಳಗೆ ಎರಡು ಪ್ಲಾಟಿ ಸತ್ತವು.

ಕಾರಣ ಹುಡುಕಿದ ಬಗೆ

ಮೀನು ಮೇಲ್ಮೈಗೆ ಬಂದು ಬಾಯಿ ಬಡಿದರೆ ಹೆಚ್ಚಿನವರು ಮೊದಲು ಹೇಳುವುದು ಆಮ್ಲಜನಕ ಸಾಲದಾಗಿದೆ ಎಂದು. ಇಲ್ಲಿ ಅದು ಹೊಂದಲಿಲ್ಲ. ಏರ್ ಪಂಪ್ ಓಡುತ್ತಿತ್ತು. ಅದಕ್ಕಿಂತ ದೊಡ್ಡ ಸುಳಿವು ಗೌರಾಮಿಗಳು. ಗೌರಾಮಿ ತಲೆಯೊಳಗಿನ ವಿಶೇಷ ಅಂಗದಿಂದ ನೇರವಾಗಿ ಗಾಳಿ ಸೇವಿಸಬಲ್ಲ ಮೀನು. ಸಕ್ಕರ್ ಕೂಡ ಅಗತ್ಯ ಬಿದ್ದರೆ ಗಾಳಿ ನುಂಗಿ ಸ್ವಲ್ಪ ಹೊತ್ತು ತಳ್ಳುತ್ತದೆ. ಬರೀ ಆಮ್ಲಜನಕದ ಕೊರತೆಯಾಗಿದ್ದರೆ ಈ ಎರಡು ಕೊನೆಗೆ ಸೋಲಬೇಕಿತ್ತು. ಅವೂ ಉಳಿದವುಗಳ ಜತೆಗೇ ಒದ್ದಾಡಿದವು ಎಂದರೆ ನೀರಿನಲ್ಲಿ ಕಿವಿರನ್ನೇ ಸುಡುವ ವಸ್ತುವೊಂದಿದೆ ಎಂದೇ ಅರ್ಥ. ಆಮ್ಲಜನಕದ ಕೊರತೆ ಸಾಮಾನ್ಯವಾಗಿ ಬೆಳಗಿನ ಜಾವ, ದೀಪ ಹೊತ್ತುವ ಮೊದಲು ಕಾಣಿಸುತ್ತದೆ. ಹೀಗೆ ನಡುಹಗಲಿನಲ್ಲಿ ಏಕಾಏಕಿ ಅಲ್ಲ.

ಎರಡನೆಯ ಸಂಶಯ ಮೀನಿನ ಮಲಮೂತ್ರ, ಉಳಿದ ಆಹಾರದಿಂದ ನೀರಿನಲ್ಲಿ ಹುಟ್ಟುವ ವಿಷವಾದ ಅಮೋನಿಯಾ. ಅದನ್ನು ಬೇರೆ ರೂಪಕ್ಕೆ ತಿರುಗಿಸುವ ಬ್ಯಾಕ್ಟೀರಿಯಾಗಳಿದ್ದ ಸ್ಪಂಜನ್ನು ತೊಳೆದದ್ದರಿಂದ ಅದು ಏರುವುದು ಖಚಿತವಿತ್ತು, ಆದರೆ ಅದಕ್ಕೆ ಒಂದೆರಡು ದಿನ ಬೇಕು. ಮುಕ್ಕಾಲು ಗಂಟೆಯಲ್ಲಿ ಅಲ್ಲ. ಬ್ಲೀಚಿನಲ್ಲಿರುವ ಕ್ಲೋರಿನ್ ಒಂದೇ ಹೊಂದುತ್ತಿತ್ತು: ಬೇಗನೆ ಬರುವುದು, ಎಲ್ಲ ಮೀನಿಗೂ ಒಟ್ಟಿಗೆ ತಾಗುವುದು, ಮೊದಲು ಹುಚ್ಚು ಓಟ, ಆಮೇಲೆ ಏದುಸಿರು, ಕಿವಿರು ಮತ್ತು ಮೈಮೇಲೆ ಲೋಳೆ. ಆರ್ಥೋಟಾಲಿಡಿನ್ ಹನಿ ಹಾಕುವ ಕ್ಲೋರಿನ್ ಕಿಟ್‌ನಲ್ಲಿ ತೊಟ್ಟಿಯ ನೀರು ಸ್ಪಷ್ಟವಾಗಿ ಹಳದಿಗೆ ತಿರುಗಿತು. ಕುಡಿಯುವ ನೀರಿನ ಕ್ಲೋರಿನ್ ನೋಡಲು ಆರೋಗ್ಯ ಕಾರ್ಯಕರ್ತೆಯರು ಹಳ್ಳಿಗಳಲ್ಲಿ ಬಳಸುವ ಕ್ಲೋರೋಸ್ಕೋಪ್ ಕೆಲಸ ಮಾಡುವುದೂ ಇದೇ ಬಣ್ಣದಿಂದ. ತೊಟ್ಟಿ ಇಟ್ಟವರು ಇಂಥ ಕಿಟ್ ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಬಹಳ ಒಳ್ಳೆಯದು. ಮೂಗು ನಂಬಿಕೆಗೆ ಅರ್ಹವಲ್ಲ. ಬ್ಲೀಚ್ ಬಕೆಟ್ಟಿನ ಪಕ್ಕ ಅರ್ಧ ಗಂಟೆ ಕೂತ ಮೂಗು ಸಣ್ಣ ವಾಸನೆಗಳನ್ನು ಗುರುತಿಸುವುದೇ ಇಲ್ಲ.

ಅಷ್ಟು ಹೊತ್ತು ತೊಳೆದ ಮೇಲೂ ಕ್ಲೋರಿನ್ ಬಂದದ್ದು ಎಲ್ಲಿಂದ? ಉತ್ತರ ಸಿಕ್ಕಿದ್ದು ಅಡುಗೆಮನೆಯ ತಕ್ಕಡಿಯಲ್ಲಿ. ರೆಸಿನ್ ಕೋಟೆ ಗಟ್ಟಿಯಾದ ವಸ್ತುವಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಟೊಳ್ಳು. ಅದರ ತಳದಲ್ಲಿ ಹೆಸರುಕಾಳು ಹಿಡಿಸುವಷ್ಟು ಒಂದೇ ಒಂದು ತೂತು. ಮುಳುಗಿಸಿ ಎರಡು ಗಂಟೆ ಬಿಟ್ಟರೆ ನಿಧಾನವಾಗಿ ನೀರು ಒಳಹೊಗುತ್ತದೆ. ಹೊರಗೆ ಎತ್ತಿ ಹಿಡಿದರೆ ಗಾಳಿ ಒಳಗೆ ಹೋಗಲು ಬೇರೆ ದಾರಿಯಿಲ್ಲದೆ ನೀರು ಅಲ್ಲೇ ನಿಲ್ಲುತ್ತದೆ. ನಲ್ಲಿ ಕೆಳಗೆ ಎಷ್ಟು ಹೊತ್ತು ಹಿಡಿದರೂ ತೊಳೆಯುವುದು ಹೊರಮೈ ಮಾತ್ರ. ವಾರವಿಡೀ ಬಿಸಿಲಲ್ಲಿ ಒಣಗಿದಾಗ ಕೋಟೆಯ ತೂಕ 1,240 ಗ್ರಾಂ. ಬರೀ ನೀರಿನಲ್ಲಿ ಎರಡು ಗಂಟೆ ಮುಳುಗಿಸಿ, ಎತ್ತಿ, ಹೊರಮೈ ಒರೆಸಿ ತೂಗಿದಾಗ 1,385 ಗ್ರಾಂ. ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್. ಅಂದರೆ ಹೊಟ್ಟೆಯೊಳಗೆ ಉಳಿಯುತ್ತಿದ್ದುದು 145 ಮಿ.ಲೀ.

ಈಗ ಲೆಕ್ಕ. ಅಂಗಡಿಯ ಸಾದಾ ಬ್ಲೀಚ್‌ನಲ್ಲಿ ಸುಮಾರು 4% ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ, 10 ಲೀಟರಿಗೆ ಒಂದು ಲೀಟರ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಸುಮಾರು 3,500 ಮಿ.ಗ್ರಾಂ ಕ್ಲೋರಿನ್ ಇರುತ್ತದೆ. 145 ಮಿ.ಲೀ.ಯಲ್ಲಿ 500 ಮಿ.ಗ್ರಾಂ. ಅದು ಪೂರ್ತಿ 85 ಲೀಟರಿಗೆ ಇಳಿದರೆ ಲೀಟರಿಗೆ ಹತ್ತಿರ ಹತ್ತಿರ 6 ಮಿ.ಗ್ರಾಂ. ಕುಡಿಯುವ ನೀರಿನಲ್ಲಿ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುವ ಕನಿಷ್ಠ ಪ್ರಮಾಣವೇ ಲೀಟರಿಗೆ 0.2 ಮಿ.ಗ್ರಾಂ, ಮೀನಿನ ಕಿವಿರಿಗೆ ಅದೂ ಅಪಾಯ. ತೊಳೆಯುವಾಗ ಒಳಗಿನ ಬಹುಪಾಲು ಹೋಗಿ 30 ಮಿ.ಲೀ.ಯಷ್ಟೇ ಉಳಿದಿತ್ತು ಎಂದುಕೊಂಡರೂ ತೊಟ್ಟಿಯಲ್ಲಿ 1.2 ಮಿ.ಗ್ರಾಂ ಆಗುತ್ತದೆ. ಇದರಲ್ಲಿ ಒಂದಷ್ಟನ್ನು ತೊಟ್ಟಿಯ ಕೊಳೆಯೇ ತಿಂದುಹಾಕುತ್ತದೆ, ಒಂದಷ್ಟು ನೀರಿನ ಅಮೋನಿಯಾ ಜತೆ ಸೇರಿ ಕ್ಲೋರಮಿನ್ ಆಗಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ಲಾಟಿ, ಏಂಜೆಲ್‌ಗಳಿಗೆ ಉಳಿದದ್ದೇ ಸಾಕಾಗಿತ್ತು.

ಡ್ರಿಫ್ಟ್‌ವುಡ್ ಮತ್ತು ಕುಡಿಕೆಯದೂ ಪಾಲಿದೆ. ಅವೆರಡೂ ರಂಧ್ರಗಳಿಂದ ತುಂಬಿದ ವಸ್ತುಗಳು. ಬ್ಲೀಚ್ ಹೀರಿಕೊಂಡು, ತೊಟ್ಟಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾ ಹೋಗುತ್ತವೆ.

ತುರ್ತಿನಲ್ಲಿ ಮಾಡಿದ್ದು

ಮೊದಲು ಅಲಂಕಾರಗಳನ್ನೆಲ್ಲ ಹೊರತೆಗೆಯುವುದು. ಮೂಲ ಒಳಗೇ ಇದ್ದರೆ ಎಷ್ಟು ಔಷಧಿ ಹಾಕಿದರೂ ಬೆನ್ನಟ್ಟುತ್ತಲೇ ಇರಬೇಕಾಗುತ್ತದೆ. ಆಮೇಲೆ ಸೋಡಿಯಂ ಥಯೋಸಲ್ಫೇಟ್, ಅಕ್ವೇರಿಯಂ ಅಂಗಡಿಗಳಲ್ಲಿ ಹೈಪೋ ಎಂದು ಕರೆಯುವ ಹರಳು. ಆಂಟಿಕ್ಲೋರಿನ್ ಎಂದು ಮಾರುವ ಹಲವು ಹನಿಗಳಲ್ಲಿ ಇರುವುದೂ ಇದೇ. ಒಂದು ಮಿ.ಗ್ರಾಂ ಕ್ಲೋರಿನ್‌ಗೆ ಏಳು ಮಿ.ಗ್ರಾಂ ಹರಳು ಎಂದು ಧಾರಾಳವಾಗಿ ಹಿಡಿದರೆ, ಕೆಟ್ಟದ್ದರಲ್ಲಿ ಕೆಟ್ಟದ್ದಾದ 500 ಮಿ.ಗ್ರಾಂಗೆ 3.5 ಗ್ರಾಂ. 4 ಗ್ರಾಂ ತೂಗಿ, ಒಂದು ಮಗ್ ನೀರಿನಲ್ಲಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ಸುರಿದರು. ಕೆಲಸ ಮಾಡಲು ನಿಮಿಷಗಳು ಸಾಕು. ಈ ಪ್ರಮಾಣದಲ್ಲಿ ಸ್ವಲ್ಪ ಹೆಚ್ಚಾದರೂ ಮೀನಿಗೆ ತೊಂದರೆಯಿಲ್ಲ, ಕಡಿಮೆಯಾದರೆ ತೊಂದರೆ. ನಂತರ ಹೈಪೋ ಹಾಕಿದ ಹೊಸ ನೀರಿನಿಂದ ಅರ್ಧ ತೊಟ್ಟಿ ಬದಲು, ಏರ್ ಪಂಪ್ ಪೂರ್ತಿ ಜೋರಿಗೆ. ಸುಟ್ಟ ಕಿವಿರು ಆಮ್ಲಜನಕ ಹೀರಲು ಕಷ್ಟಪಡುವುದರಿಂದ ಗಾಳಿ ಹೆಚ್ಚಿಸುವುದು ಈ ಹಂತದಲ್ಲಿ ನಿಜವಾದ ಶುಶ್ರೂಷೆ. ಉಳಿದ ಮೀನುಗಳು ರಾತ್ರಿಯೊಳಗೆ ಸುಧಾರಿಸಿದವು.

ಎರಡನೇ ಪೆಟ್ಟು

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವುದು ಸಹಜ. ಆದರೆ ತೊಟ್ಟಿಯ ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮೇಲ್ಮೈಗಳಿಗೆ ಅಂಟಿಕೊಂಡು ಬದುಕುತ್ತವೆ: ಸ್ಪಂಜು, ಜಲ್ಲಿ, ಅಲಂಕಾರಗಳ ಲೋಳೆ ಪದರ. ಆ ಭಾನುವಾರ ಅಲಂಕಾರಗಳ ಮೇಲಿನವು ಬ್ಲೀಚ್‌ಗೆ, ಸ್ಪಂಜಿನವು ನಲ್ಲಿ ನೀರಿಗೆ, ಜಲ್ಲಿಯಲ್ಲಿ ಉಳಿದವುಗಳಲ್ಲಿ ಒಂದು ಪಾಲು ತೊಟ್ಟಿಗಿಳಿದ ಕ್ಲೋರಿನ್‌ಗೆ ಬಲಿಯಾದವು. ಮಂಗಳವಾರ ಅಮೋನಿಯಾ ಲೀಟರಿಗೆ 0.5 ಮಿ.ಗ್ರಾಂ, ಬುಧವಾರ 1.0. ನೀರಿನ ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) 8ರ ಹತ್ತಿರ ಇದ್ದದ್ದು ಪರಿಸ್ಥಿತಿಯನ್ನು ಬಿಗಡಾಯಿಸಿತು. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಸುಮಾರು 0.6%, ಪಿಎಚ್ 8 ಆದರೆ ಅದು 5% ದಾಟುತ್ತದೆ. ಬೋರ್‌ವೆಲ್ ನೀರು ಸೇರುವ ಬೆಂಗಳೂರಿನ ತೊಟ್ಟಿಗಳಲ್ಲಿ ಪಿಎಚ್ ಎತ್ತರದಲ್ಲೇ ಇರುವುದು ಹೆಚ್ಚು, ಹಾಗಾಗಿ ಕಿಟ್ ತೋರಿಸುವ ಸಣ್ಣ ಸಂಖ್ಯೆಯನ್ನೂ ಇಲ್ಲಿ ಹಗುರವಾಗಿ ನೋಡಬಾರದು.

ಎರಡು ದಿನ ಆಹಾರ ಪೂರ್ತಿ ನಿಲ್ಲಿಸಿದರು, ಆಮೇಲೆ ದಿನ ಬಿಟ್ಟು ದಿನ ಚಿಟಿಕೆಯಷ್ಟು. ದಿನವೂ ಮೂರನೇ ಒಂದು ಭಾಗ ನೀರು ಬದಲು. ಆರೋಗ್ಯವಂತ ಮೀನುಗಳಿರುವ ಹಳೆಯ ತೊಟ್ಟಿಯಿಂದ ಬಳಸಿದ ಸ್ಪಂಜಿನ ತುಂಡೊಂದನ್ನು ತಂದು, ಒಣಗಲು ಬಿಡದೆ, ಆ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಸಾಗಿಸಿ, ಪವರ್ ಫಿಲ್ಟರಿನೊಳಗೆ ಇಟ್ಟರು. ಇದರಷ್ಟು ಕೆಲಸಕ್ಕೆ ಬರುವುದು ಬಾಟಲಿಯಲ್ಲಿ ಸಿಗುವ ಯಾವುದೂ ಅಲ್ಲ. ನೈಟ್ರೈಟ್ ಕಾಣಿಸಿಕೊಂಡ ಮೇಲೆ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ 85 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಎರಡು ಕಂತಿನಲ್ಲಿ ಹಾಕಿದರು. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗುವುದನ್ನು ತಡೆಯುತ್ತದೆ. ನೀರು ಬದಲಿಸಿದಾಗಲೆಲ್ಲ ತೆಗೆದ ನೀರಿನ ಪಾಲಿನ ಉಪ್ಪನ್ನಷ್ಟೇ ಮತ್ತೆ ಸೇರಿಸಬೇಕು. ಮೂರು ವಾರ ದಾಟಿದ ಮೇಲೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ಹೊರಗಿಟ್ಟ ಅಲಂಕಾರಗಳನ್ನು ಒಂದೊಂದಾಗಿ, ಪರೀಕ್ಷಿಸಿ ಒಳಗಿಟ್ಟದ್ದು ಅದಾದ ನಂತರ. ಬ್ಲೀಚ್ ಕುಡಿದ ಡ್ರಿಫ್ಟ್‌ವುಡ್ಡನ್ನು ಹೈಪೋ ನೀರಿನಲ್ಲಿ ಒಂದು ದಿನ, ಆಮೇಲೆ ನೀರು ಬದಲಿಸುತ್ತಾ ಎರಡು ವಾರ ನೆನೆಸಬೇಕಾಯಿತು.

ಎರಡನೇ ತೊಳೆತ: ವಸ್ತುವಿಗೆ ತಕ್ಕ ದಾರಿ

ಬೆಳಕಿನ ಅಭ್ಯಾಸ ಬದಲಾಗದೆ ಇದ್ದದ್ದರಿಂದ ಎರಡೂವರೆ ತಿಂಗಳಲ್ಲಿ ಪಾಚಿ ಮರಳಿತು. ಈ ಸಲ ವಿಧಾನವನ್ನು ಆರಿಸಿದ್ದು ಪಾಚಿ ನೋಡಿ ಅಲ್ಲ, ವಸ್ತು ನೋಡಿ. ಪಾಚಿಯನ್ನು ಕೊಲ್ಲುವ ದ್ರವಗಳಿಗೆ ಕೊರತೆಯಿಲ್ಲ. ಹಾಕಿದ್ದು ಆ ವಸ್ತುವಿನಿಂದ ಪೂರ್ತಿ ಹೊರಬರುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಒಂದು ಸಲಕ್ಕೆ ಅಲಂಕಾರಗಳಲ್ಲಿ ಮೂರನೇ ಒಂದು ಭಾಗ ಮಾತ್ರ, ಎರಡು ವಾರದ ಅಂತರ. ಆ ವಾರ ಫಿಲ್ಟರ್ ಮುಟ್ಟುವಂತಿಲ್ಲ. ತೊಟ್ಟಿಗೆ ಕೈ ಹಾಕುವ ಮೊದಲು ದೀಪ, ಪಂಪ್, ಹೀಟರ್ ಎಲ್ಲದರ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆರಿಸಿದರೆ ಸಾಲದು. ಕೈಯಲ್ಲಿ ಗಾಯ, ಸಿಗುರು ಇದ್ದರೆ ರಬ್ಬರ್ ಕೈಗವಸು ಕಡ್ಡಾಯ: ಮೀನುತೊಟ್ಟಿಯ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಸೂಕ್ಷ್ಮಾಣು ಸೀಳಿದ ಚರ್ಮದೊಳಗೆ ಹೊಕ್ಕು, ತಿಂಗಳುಗಟ್ಟಲೆ ಔಷಧಿ ಬೇಡುವ ಗಂಟುಗಳನ್ನು ಎಬ್ಬಿಸುತ್ತದೆ.

ಮೊದಲ ಹೆಜ್ಜೆ ಎಲ್ಲಕ್ಕೂ ಒಂದೇ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ಎಳೆದು, ಅದರಲ್ಲಿ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು. ನೂಲುಪಾಚಿಯನ್ನು ಉಜ್ಜುವುದಕ್ಕಿಂತ ಬ್ರಷ್ ತಿರುಗಿಸಿ ಸುತ್ತಿ ಎಳೆದರೆ ಬುಡಸಮೇತ ಬರುತ್ತದೆ. ಹೊಸ ತೊಟ್ಟಿಗಳ ಕಂದು ಹುಡಿಯಂಥ ಡಯಾಟಂ ಪಾಚಿಗೆ ಬೆರಳೇ ಸಾಕು. ಅರ್ಧಕ್ಕರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಯಾವ ರಾಸಾಯನಿಕವೂ ಇಲ್ಲದೆ. ಪಾತ್ರೆ ತೊಳೆಯುವ ಸೋಪು, ಲಿಕ್ವಿಡ್, ಅದು ಮೆತ್ತಿದ ಹಳೇ ಸ್ಕ್ರಬ್ ಯಾವುದೂ ಹತ್ತಿರ ಬರಕೂಡದು. ಸಾಬೂನಿನ ಅಂಶ ಕಿವಿರಿನ ಲೋಳೆಯನ್ನು ಕಿತ್ತುಹಾಕುತ್ತದೆ, ಒರಟು ಮೇಲ್ಮೈಯಿಂದ ಅದು ಬಿಡುವುದೂ ಇಲ್ಲ.

ಪ್ಲಾಸ್ಟಿಕ್ ಗಿಡಗಳಿಗೆ ಬ್ಲೀಚ್ ಸರಿಯೇ, ಅಳತೆ ಸರಿಯಿದ್ದರೆ. ಸುವಾಸನೆ, ನೊರೆ ಸೇರಿಸದ ಸಾದಾ ಬ್ಲೀಚ್ ಬೇಕು. ಲೇಬಲ್ಲಿನಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಮತ್ತು ನೀರು ಬಿಟ್ಟು ಡಿಟರ್ಜೆಂಟ್ ಹೆಸರಿದ್ದರೆ ಬೇಡ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸುಣ್ಣದ ಗಸಿ ಬಿಡುವುದರಿಂದ ಅದೂ ಬೇಡ. 1.9 ಲೀಟರ್ ನೀರಿಗೆ 100 ಮಿ.ಲೀ. ಬ್ಲೀಚ್, ಹತ್ತು ನಿಮಿಷ. ಹದಿನೈದು ದಾಟಿದರೆ ಬಣ್ಣ ಮಾಸತೊಡಗುತ್ತದೆ. ಅದಕ್ಕೂ ಮೊದಲು ಗಿಡದ ದಂಟು ಬಾಗಿಸಿ ನೋಡಬೇಕು. ಒಳಗೆ ಲೋಹದ ತಂತಿ ಇದ್ದು ತುದಿ ಹೊರಗೆ ಕಂಡರೆ ಬ್ಲೀಚ್ ಅದನ್ನು ತುಕ್ಕು ಹಿಡಿಸುತ್ತದೆ. ಈ ತೊಟ್ಟಿಯ ಐದರಲ್ಲಿ ಒಂದು ಹಾಗಿತ್ತು, ಅದನ್ನು ಎಸೆದರು. ಬುಡದ ಭಾರದ ತಟ್ಟೆ ಕಳಚಿ ಬರುವಂತಿದ್ದರೆ ಕಳಚಿಯೇ ತೊಳೆಯಬೇಕು, ಅದರ ಕೆಳಗೂ ದ್ರವ ನಿಲ್ಲುತ್ತದೆ. ಹತ್ತು ನಿಮಿಷದ ನಂತರ ಹರಿಯುವ ನೀರಿನಲ್ಲಿ ಜಾಲಾಡಿ, 5 ಲೀಟರ್ ನೀರಿಗೆ 5 ಗ್ರಾಂ ಹೈಪೋ ಕರಗಿಸಿದ ಬಕೆಟ್ಟಿನಲ್ಲಿ ಅರ್ಧ ಗಂಟೆ. ಮತ್ತೆ ಜಾಲಾಡಿ, ಒಂದೆರಡು ದಿನ ಒಣಗಿಸುವುದು.

ಪರೀಕ್ಷೆಯಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ನಲ್ಲಿ ನೀರಿನಲ್ಲಿ ನೆನೆಸಿ ಪರೀಕ್ಷಿಸಿದರೆ ಆ ನೀರಿನದೇ ಕ್ಲೋರಿನ್ ಹಳದಿ ತೋರಿಸುತ್ತದೆ, ಆದ್ದರಿಂದ ಕ್ಲೋರಿನ್ ಹಾಕದ ಬೋರ್‌ವೆಲ್ ನೀರು ಬೇಕು. ಹೈಪೋ ಬಕೆಟ್ಟಿನ ನೀರನ್ನೇ ಪರೀಕ್ಷಿಸಿದರೆ ಯಾವಾಗಲೂ ಸೊನ್ನೆ, ಏಕೆಂದರೆ ಹೈಪೋ ಎದುರಿಗೇ ಇದೆ. ವಸ್ತುವನ್ನು ಚೆನ್ನಾಗಿ ಜಾಲಾಡಿ, ಬೋರ್‌ವೆಲ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ತೂತುಗಳ ಬಾಯಿಯ ಬಳಿಯಿಂದ ಸಿರಿಂಜಿನಲ್ಲಿ ಎಳೆದ ನೀರಿನ ಪರೀಕ್ಷೆಯೇ ನಿಜ ಹೇಳುವುದು.

ಡ್ರಿಫ್ಟ್‌ವುಡ್ಡಿಗೆ ಈ ಸಲ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಅಂಗಡಿಯಲ್ಲಿ ಗಾಯ ತೊಳೆಯಲು ಸಿಗುವುದು ಸಾಮಾನ್ಯವಾಗಿ 6%ದ್ದು, ಸಮಪ್ರಮಾಣ ನೀರು ಬೆರೆಸಿದರೆ 3%. ಮರವನ್ನು ಎತ್ತಿ, ನೀರು ಜಾಡಿಸಿ, ಗಡ್ಡಪಾಚಿ ತೊಯ್ಯುವಂತೆ ಸ್ಪ್ರೇ ಬಾಟಲಿಯಿಂದ ಹೊಡೆದು, ಐದರಿಂದ ಹತ್ತು ನಿಮಿಷ ಹಾಗೇ ಬಿಡುವುದು. ಸಣ್ಣ ಗುಳ್ಳೆಗಳೇಳುತ್ತವೆ. ಗುಳ್ಳೆಯೇ ಬರದಿದ್ದರೆ ಬಾಟಲಿ ಹಳೆಯದಾಗಿ ಶಕ್ತಿ ಕಳೆದುಕೊಂಡಿದೆ. ನಂತರ ತೊಳೆದು ತೊಟ್ಟಿಗೆ ಹಾಕಬಹುದು. ಪೆರಾಕ್ಸೈಡ್ ಒಡೆದರೆ ಉಳಿಯುವುದು ನೀರು ಮತ್ತು ಆಮ್ಲಜನಕ ಮಾತ್ರ, ಹಾಗಾಗಿ ಮರದ ರಂಧ್ರದಲ್ಲಿ ಸ್ವಲ್ಪ ಉಳಿದರೂ ಬ್ಲೀಚಿನಂತೆ ಕಾಡುವುದಿಲ್ಲ. ಪಾಚಿ ಆ ಕ್ಷಣಕ್ಕೆ ಕಪ್ಪಾಗಿಯೇ ಕಾಣುತ್ತದೆ. ಕೆಲಸ ಆಗಲಿಲ್ಲವೆಂದು ಎರಡನೇ ಸಲ ಹೊಡೆಯುವ ಅಗತ್ಯವಿಲ್ಲ. ಎರಡು ಮೂರು ದಿನದಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತು, ವಾರದೊಳಗೆ ಬೂದು ಬಣ್ಣವಾಗಿ ಬ್ರಷ್ಷಿಗೆ ಸಲೀಸಾಗಿ ಬಿಟ್ಟಿತು. ಅರ್ಧ ಗಂಟೆ ಕುದಿಸುವುದು ಇನ್ನೊಂದು ದಾರಿ, ಆದರೆ ಅಡುಗೆಗೆ ಬಳಸದ ಪಾತ್ರೆ ಬೇಕು, ಮೆದು ಮರ ಪದೇ ಪದೇ ಕುದಿಸಿದರೆ ಪುಡಿಯಾಗುತ್ತದೆ.

ಹೊಳೆಗಲ್ಲುಗಳನ್ನು ಕುದಿಸಬಾರದು, ಒಲೆಯ ಮೇಲೆ ಕಾಯಿಸಬಾರದು. ಬಿರುಕಿನಲ್ಲಿ ಸಿಕ್ಕಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಮೂರು ದಿನ ಬಿಸಿಲಿಗೆ ಹಾಕಿದರೆ ಪಾಚಿ ಒಣಗಿ ಹೊಟ್ಟಿನಂತೆ ಉದುರುತ್ತದೆ. ಖರ್ಚಿಲ್ಲದ, ಅಪಾಯವಿಲ್ಲದ ಈ ದಾರಿ ನಮ್ಮ ಬಿಸಿಲಿನ ನಾಡಿನಲ್ಲಿ ಯಾಕೆ ಇಷ್ಟು ಕಡಿಮೆ ಬಳಕೆಯಲ್ಲಿದೆಯೋ ತಿಳಿಯದು. ಮಣ್ಣಿನ ಕುಡಿಕೆಯನ್ನು ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿ, ಹದಿನೈದು ನಿಮಿಷ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟರು. ಕುದಿನೀರಿಗೆ ನೇರವಾಗಿ ಹಾಕಿದರೆ ಸೀಳುತ್ತದೆ.

ಚಿಪ್ಪುಗಳನ್ನು ತೊಟ್ಟಿಯಿಂದ ಶಾಶ್ವತವಾಗಿ ತೆಗೆದರು. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ಮೊದಲೇ ಗಡುಸಾದ ನೀರನ್ನು ಇನ್ನಷ್ಟು ಗಡುಸು ಮಾಡುತ್ತವೆ. ಸುರುಳಿಯೊಳಗಿನ ಪಾಚಿಗೆ ಬ್ರಷ್ ಮುಟ್ಟುವುದಿಲ್ಲ, ವಿನೆಗರ್ ಹಾಕಿದರೆ ಚಿಪ್ಪೇ ಕರಗುತ್ತದೆ.

ಕೋಟೆಯ ವಿಷಯಕ್ಕೆ ಹೆಚ್ಚು ಯೋಚನೆ ಬೇಕಾಯಿತು. ರೆಸಿನ್ ವಸ್ತುವನ್ನು ಕುದಿಸಿದರೆ ಮೆತ್ತಗಾಗಿ ಬಣ್ಣ ಏಳುತ್ತದೆ. ಬ್ಲೀಚ್‌ನಲ್ಲಿ ಮುಳುಗಿಸುವ ಮಾತೇ ಇಲ್ಲ. ಎದುರಿದ್ದದ್ದು ಎರಡು ದಾರಿ: ತೂತನ್ನು ಪೂರ್ತಿ ಮುಚ್ಚುವುದು, ಇಲ್ಲವೇ ದೊಡ್ಡದು ಮಾಡಿ ಇನ್ನೊಂದನ್ನು ಕೊರೆಯುವುದು. ಮುಚ್ಚಲು ಶಿಲೀಂಧ್ರನಾಶಕ ಸೇರಿಸದ ಅಕ್ವೇರಿಯಂ ಸಿಲಿಕೋನ್ ಬೇಕು, ಹಚ್ಚಿ ಎರಡು ದಿನ ಒಣಗಬೇಕು; ಮುಚ್ಚಿದ ಕೋಟೆ ಒಳಗಿನ ಗಾಳಿಯಿಂದ ತೇಲಲೂಬಹುದು. ಇಲ್ಲಿ ಕೊರೆಯುವುದನ್ನೇ ಆರಿಸಿದರು. ಹಳೆಯ ತೂತನ್ನು 8 ಮಿ.ಮೀ.ಗೆ ಹಿಗ್ಗಿಸಿ, ಎದುರು ಮೂಲೆಯ ಬುರುಜಿನ ಹಿಂಬದಿ, ಕಣ್ಣಿಗೆ ಬೀಳದ ಕಡೆ, ಅಷ್ಟೇ ಅಗಲದ ಇನ್ನೊಂದು. ಒಂದರಲ್ಲಿ ಗಾಳಿ ಹೋದರೆ ಇನ್ನೊಂದರಲ್ಲಿ ನೀರು ಇಳಿಯುತ್ತದೆ. ಮತ್ತೆ ತೂಗಿದಾಗ ಒಳಗೆ ಉಳಿದದ್ದು 6 ಮಿ.ಲೀ. ಇದರಿಂದ ಇನ್ನೊಂದು ಉಪಕಾರವೂ ಆಯಿತು. ನೀರು ನಿಂತ ಟೊಳ್ಳಿನೊಳಗೆ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದೂ ಮೀನಿಗೆ ವಿಷವೇ. ಈಗ ನೀರು ಆಡುವುದರಿಂದ ಆ ಭಯ ತಪ್ಪಿತು. ಹೊರಮೈಯ ಹಸಿರು ಚುಕ್ಕೆಗಳಿಗೆ 3% ಪೆರಾಕ್ಸೈಡ್ ಹೊಡೆದು ಹತ್ತು ನಿಮಿಷ ಬಿಟ್ಟು, ಗಟ್ಟಿ ಎಳೆಯ ನೈಲಾನ್ ಬ್ರಷ್ಷಿನಿಂದ ಉಜ್ಜಿದರು. ಸ್ಟೀಲ್ ಉಜ್ಜುನಾರು ಬಣ್ಣ ಕೀಳುತ್ತದೆ, ಬಣ್ಣ ಎದ್ದ ರೆಸಿನ್ ತೊಟ್ಟಿಗೆ ಮರಳಬಾರದು.

ನೀರಿನ ಮಟ್ಟದ ಹತ್ತಿರದ ಬುರುಜಿನಲ್ಲಿ ಬಿಳಿ ಸುಣ್ಣದ ಪೊರೆ ಕಟ್ಟಿತ್ತು. ಅದರ ಒರಟಿನಲ್ಲಿ ಪಾಚಿ ಬೇರೂರುವುದರಿಂದ ಪೊರೆ ತೆಗೆಯದೆ ಪಾಚಿ ಹೋಗದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ತೋಯಿಸಿ ಅರ್ಧ ಗಂಟೆ ಸುತ್ತಿಟ್ಟರು. ಬ್ಲೀಚ್ ಬಳಸಿದ ದಿನ, ಬಳಸಿದ ಬಕೆಟ್ಟಿನಲ್ಲಿ, ಇದನ್ನು ಎಂದಿಗೂ ಮಾಡಬಾರದು. ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಚೆಲ್ಲಿದ ಬಚ್ಚಲಿನಲ್ಲಿ ಬ್ಲೀಚ್ ಬಕೆಟ್ ಚೆಲ್ಲಿದರೂ ಇದೇ ಆಗುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೆ ಕುತ್ತು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜತೆಗೂ ಬ್ಲೀಚ್ ವಿಷಾನಿಲ ಕೊಡುತ್ತದೆ. ಬ್ಲೀಚ್ ಕೆಲಸ ಬಾಲ್ಕನಿಯಲ್ಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ ಆಗಬೇಕು, ಉಳಿದದ್ದನ್ನು ನೀರಿನ ಬಾಟಲಿಗೆ ತುಂಬಿಡಬಾರದು.

ಸಮುದ್ರದ ನೀರಿನ ತೊಟ್ಟಿ ಇಟ್ಟವರಿಗೆ ಒಂದು ಎಚ್ಚರಿಕೆ: ಝೋಅಂಥಿಡ್ ಹವಳ ಹತ್ತಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿದು ಉಜ್ಜುವುದು ಇಡೀ ಮನೆಯವರನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಅವುಗಳಲ್ಲಿ ಕೆಲವು ಜಾತಿಗಳ ಪ್ಯಾಲಿಟಾಕ್ಸಿನ್ ವಿಷ ಆವಿಯ ಜತೆ ಉಸಿರಿಗೆ ಸೇರುತ್ತದೆ. ಮೇಲೆ ಹೇಳಿದ ಯಾವ ವಿಧಾನವೂ ಅವರಿಗಲ್ಲ.

ಪಾಚಿ ಯಾಕೆ ಮರಳುತ್ತಿತ್ತು

ದೀಪ ಬೆಳಿಗ್ಗೆ ಏಳರಿಂದ ರಾತ್ರಿ ಹನ್ನೊಂದರವರೆಗೆ, ದಿನಕ್ಕೆ 16 ಗಂಟೆ ಉರಿಯುತ್ತಿತ್ತು. ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಬೇರೆ. ಪ್ಲಾಸ್ಟಿಕ್ ಗಿಡಗಳಿರುವ ತೊಟ್ಟಿಯಲ್ಲಿ ದೀಪ ಬೇಕಿರುವುದು ನೋಡುವವರ ಕಣ್ಣಿಗೆ. ಟೈಮರ್ ಹಾಕಿ ಸಂಜೆ ನಾಲ್ಕರಿಂದ ಹತ್ತಕ್ಕೆ ಇಳಿಸಿದರು, ಕಿಟಕಿಗೆ ಪರದೆ ಬಿತ್ತು. ತಿಂಗಳಿಗೊಮ್ಮೆ ಅರ್ಧ ನೀರು ಬದಲಿಸುವ ರೂಢಿ ಬಿಟ್ಟು ವಾರಕ್ಕೊಮ್ಮೆ ಕಾಲುಭಾಗ. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ.

ನೈಟ್ರೇಟ್ ಮಾತ್ರ ಇಷ್ಟಕ್ಕೂ ಇಳಿಯಲಿಲ್ಲ. ಹೊಸದಾಗಿ ತುಂಬುವ ನೀರನ್ನೇ ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು: ಕಾವೇರಿ ನೀರು ಬಾರದ ದಿನ ಸಂಪಿಗೆ ಬೀಳುವ ಬೋರ್‌ವೆಲ್ ನೀರಿನಲ್ಲೇ ಅದು ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿ.ಗ್ರಾಂ ಮೀರಿತ್ತು. ಒಳಚರಂಡಿ ಸೋರಿಕೆಯಿಂದ ಬೆಂಗಳೂರಿನ ಅಂತರ್ಜಲದಲ್ಲಿ ಇದು ಅಪರೂಪವಲ್ಲ. ಹಾಗಾಗಿ ತೊಟ್ಟಿಗೆ ಕಾವೇರಿ ನೀರು ಬರುವ ದಿನವೇ ನೀರು ಹಿಡಿದು, ಹೈಪೋ ಹಾಕಿ ಬಳಸತೊಡಗಿದರು. ಗಿಡ, ಕಲ್ಲುಗಳನ್ನು ಜಾಲಾಡಿದ ಮೇಲಿನ ಪರೀಕ್ಷೆಗೆಂದು ಒಂದು ಬಕೆಟ್ ಬೋರ್‌ವೆಲ್ ನೀರು ಮಾತ್ರ ಬೇರೆ ಇರುತ್ತದೆ.

ಆರು ವಾರದ ನಂತರ ಗಿಡಗಳ ಮೇಲೆ ನೂಲುಪಾಚಿ ಇಲ್ಲ, ಕೋಟೆಯ ನೆರಳಿನ ಬದಿಯಲ್ಲಿ ಬೆರಳೆಣಿಕೆಯ ಹಸಿರು ಚುಕ್ಕೆಗಳಿವೆ. ಡ್ರಿಫ್ಟ್‌ವುಡ್ಡಿನ ಅಡಿಯಲ್ಲಿ, ಫಿಲ್ಟರಿನ ನೀರು ರಭಸವಾಗಿ ಬಡಿಯುವ ಕಡೆ, ಎರಡು ಬೆರಳಗಲ ಗಡ್ಡಪಾಚಿ ಉಳಿದಿದೆ. ಪ್ಲಾಟಿಗಳು ಅದರ ಸುತ್ತ ದಿನವಿಡೀ ಮೇಯುತ್ತಿರುವುದರಿಂದ, ಹರಡದ ತನಕ ಅದನ್ನು ಮುಟ್ಟದೆ ಬಿಡುವುದೆಂದು ತೀರ್ಮಾನಿಸಿದ್ದಾರೆ.